ಅರ್ಧ ಲೀಟರ್ ಎಣ್ಣೆ ಮತ್ತು ಬೆದೆಗೆ ಬಾರದ ಹಸು

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನವರು. ಮನೆಯಲ್ಲಿ ಎರಡು ಹಸುಗಳಿವೆ. ಒಂದು ಜರ್ಸಿ ಮಿಶ್ರತಳಿ, ಚೊಚ್ಚಲ ಕರು ಹಾಕಿ ನಾಲ್ಕು ತಿಂಗಳಾಯಿತು. ದಿನಕ್ಕೆ ಒಂಬತ್ತು ಲೀಟರ್ ಹಾಲು ಕೊಡುತ್ತಿದೆ, ಡೇರಿಯಲ್ಲಿ ಫ್ಯಾಟ್ 4.5 ಬರುತ್ತದೆ. ಇನ್ನೊಂದು ಮಲೆನಾಡು ಗಿಡ್ಡ, ಐದು ತಿಂಗಳ ಕರುವಿದೆ. ಎರಡೂ ಇನ್ನೂ ಬೆದೆಗೆ ಬಂದಿಲ್ಲ. ಜರ್ಸಿಗೆ ದಿನಕ್ಕೆ ನಾಲ್ಕು ಕೆ.ಜಿ. ಬೈಹುಲ್ಲು, ಹನ್ನೆರಡು ಕೆ.ಜಿ. ಹಸಿ ಹುಲ್ಲು, ಮೂರು ಕೆ.ಜಿ. ಪಶು ಆಹಾರ, ಒಂದು ಕೆ.ಜಿ. ತೌಡು ಹಾಕುತ್ತೇವೆ. ಪಕ್ಕದ ಮನೆಯ ಹಿರಿಯರು, ‘ಮೈಯಲ್ಲಿ ಕೊಬ್ಬು ಬಂದರೆ ಹಸು ತಾನಾಗಿ ಬೆದೆಗೆ ಬರುತ್ತದೆ, ಹದಿನೈದು ದಿನ ಅರ್ಧ ಅರ್ಧ ಲೀಟರ್ ಎಣ್ಣೆಯನ್ನು ಬಿದಿರಿನ ಗೊಟ್ಟದಲ್ಲಿ ಕುಡಿಸಿ’ ಎನ್ನುತ್ತಾರೆ. ಹಿಂಡಿ ಅಂಗಡಿಯವರು ಬೈಪಾಸ್ ಫ್ಯಾಟ್ ಕೊಡಿ ಎನ್ನುತ್ತಾರೆ. ಅಮೆರಿಕದಲ್ಲಿ ಮಾಂಸದ ತಳಿಯ ಹಸುಗಳಿಗೆ ಎಣ್ಣೆಕಾಳು ತಿನ್ನಿಸಿ ಬೇಗ ಗಬ್ಬ ಕಟ್ಟಿಸುತ್ತಾರಂತೆ ಎಂದು ಮಗ ಮೊಬೈಲಿನಲ್ಲಿ ಓದಿ ಹೇಳಿದ. ಯಾವುದು ಸರಿ? ಕರು ಹಾಕಿದ ಹಸುವಿಗೆ ಕೊಬ್ಬರಿ, ಬೆಲ್ಲ ಕೊಡುವುದು ತಪ್ಪೇ ಎಂದೂ ಅತ್ತೆಯವರು ಕೇಳಿಸಿದ್ದಾರೆ. ಹಸುಗಳ ಫೋಟೋ ಕಳಿಸಿದ್ದೇನೆ.

ಉತ್ತರ: ಮೊದಲು ಗೊಟ್ಟವನ್ನು ಅಟ್ಟಕ್ಕೆ ಹಾಕಿ. ಉಳಿದದ್ದನ್ನು ಆಮೇಲೆ ಮಾತನಾಡೋಣ. ನಾಲಿಗೆ ಹಿಡಿದು, ತಲೆ ಮೇಲಕ್ಕೆತ್ತಿ ಎಣ್ಣೆ ಹೊಯ್ದರೆ ಅದು ಅನ್ನನಾಳಕ್ಕೇ ಹೋಗುತ್ತದೆ ಎಂಬ ಖಾತರಿಯಿಲ್ಲ. ಶ್ವಾಸನಾಳಕ್ಕೆ ನೀರು ಹೋದರೆ ಹಸು ಕೆಮ್ಮಿ ಹೊರಗೆ ಹಾಕುತ್ತದೆ. ಎಣ್ಣೆ ನುಣ್ಣಗೆ ಇಳಿದುಬಿಡುತ್ತದೆ, ಕೆಮ್ಮು ಕೂಡ ಸರಿಯಾಗಿ ಬರುವುದಿಲ್ಲ. ಆಮೇಲೆ ಬರುವ ನ್ಯುಮೋನಿಯಾಕ್ಕೆ ನನ್ನಂಥವರು ಎಷ್ಟು ಸೂಜಿ ಚುಚ್ಚಿದರೂ ಹಸು ಉಳಿಯುವುದು ಕಷ್ಟ. ಬೆದೆಗೆ ಬರಲಿ ಎಂದು ಹೊರಟು ಹಸುವನ್ನೇ ಕಳೆದುಕೊಂಡ ಮನೆಗಳನ್ನು ನೋಡಿದ್ದೇನೆ.

ಹಾಗೆಂದು ಪಕ್ಕದ ಮನೆಯ ಹಿರಿಯರ ಮಾತನ್ನು ತಳ್ಳಿಹಾಕುವಂತಿಲ್ಲ, ಅವರು ಹೇಳಿದ್ದರಲ್ಲಿ ಅರ್ಧ ನಿಜ. ಮೈಯಲ್ಲಿ ಕೊಬ್ಬಿರುವ ಹಸು ಬೇಗ ಬೆದೆಗೆ ಬರುತ್ತದೆ. ಆದರೆ ಮೈಯ ಕೊಬ್ಬು ಬೇರೆ, ಮೇವಿನ ಕೊಬ್ಬು ಬೇರೆ. ಬಾಯಿಗೆ ಹಾಕಿದ ಎಣ್ಣೆ ನೇರವಾಗಿ ಬೆನ್ನಿನ ಮೇಲೆ ಹೋಗಿ ಕೂರುವುದಿಲ್ಲ. ನಡುವೆ ಮೇವು ಮೊದಲು ಹೋಗಿ ಹುದುಗುವ ದೊಡ್ಡ ಹೊಟ್ಟೆ ಇದೆ, ಕೆಚ್ಚಲಿದೆ.

ಜರ್ಸಿಯ ಲೆಕ್ಕವನ್ನೇ ಹಾಕಿ ನೋಡೋಣ. ನೀವು ಕೊಡುವ ಮೇವಿನಲ್ಲಿ ನೀರು ಕಳೆದು ಉಳಿಯುವ ಒಣ ಅಂಶ ಸುಮಾರು ಒಂಬತ್ತೂವರೆ ಕೆ.ಜಿ. ಅದರಲ್ಲಿ ಬೈಹುಲ್ಲಿನಿಂದ 50 ಗ್ರಾಂ, ಹಸಿ ಹುಲ್ಲಿನಿಂದ 60 ಗ್ರಾಂ, ಪಶು ಆಹಾರದಿಂದ 80–90 ಗ್ರಾಂ ಕೊಬ್ಬು ಸಿಗುತ್ತದೆ. ಎಣ್ಣೆ ತೆಗೆಯದ ಗಿರಣಿ ತೌಡಾದರೆ ಅದೊಂದರಿಂದಲೇ 130 ಗ್ರಾಂ. ಎಲ್ಲ ಸೇರಿ 325 ಗ್ರಾಂ ಆಸುಪಾಸು, ಅಂದರೆ ಒಣ ಮೇವಿನ ನೂರಕ್ಕೆ ಮೂರೂವರೆ ಪಾಲು. ಈಗ ಇನ್ನೊಂದು ಬದಿ ನೋಡಿ. ಒಂಬತ್ತು ಲೀಟರ್ ಹಾಲು, 4.5 ಫ್ಯಾಟ್ ಎಂದರೆ ದಿನಕ್ಕೆ 400 ಗ್ರಾಂ ಕೊಬ್ಬು ನಿಮ್ಮ ಕ್ಯಾನಿನಲ್ಲಿ ಡೇರಿಗೆ ಹೋಗುತ್ತಿದೆ. ತಿಂದದ್ದಕ್ಕಿಂತ ಹೆಚ್ಚು ಹೊರಗೆ ಹೋಗುತ್ತಿದೆ! ಇದರಲ್ಲಿ ಪವಾಡವೇನಿಲ್ಲ. ಹುಲ್ಲಿನ ನಾರು ದೊಡ್ಡ ಹೊಟ್ಟೆಯಲ್ಲಿ ಹುದುಗಿದಾಗ ಬರುವ ಅಸಿಟಿಕ್ ಆಮ್ಲದಿಂದ ಕೆಚ್ಚಲು ತಾನೇ ಕೊಬ್ಬು ತಯಾರಿಸಿಕೊಳ್ಳುತ್ತದೆ. ಸಾಲದೆ ಬಂದರೆ ಹಸುವಿನ ಮೈಯಿಂದ ಕರಗಿಸಿ ತೆಗೆದುಕೊಳ್ಳುತ್ತದೆ. ನಿಮ್ಮ ಫೋಟೋದಲ್ಲಿ ಕಾಣುತ್ತಿರುವುದು ಅದೇ. ಹಿಂದಿನ ಮೂರು ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದು. ಬಾಲದ ಬುಡದ ಎರಡೂ ಕಡೆ ಗುಳಿ ಬಿದ್ದಿದೆ, ಸೊಂಟದ ಮೂಳೆಯ ಮೇಲೆ ಚರ್ಮ ಬಿಗಿದು ಕೂತಿದೆ. ಒಂದರಿಂದ ಐದರವರೆಗಿನ ಮೈಕಟ್ಟಿನ ಅಂಕದಲ್ಲಿ ನಾನು ಎರಡು ಕೊಡುತ್ತೇನೆ, ಅದೂ ಧಾರಾಳವಾಗಿ. ಕರು ಹಾಕುವಾಗ ಮೂರು, ಮೂರೂಕಾಲು ಇರಬೇಕಿತ್ತು. ಹಾಕಿದ ಮೇಲೆ ಅರ್ಧ ಅಂಕ ಇಳಿಯುವುದು ಸಹಜ. ಒಂದಕ್ಕಿಂತ ಹೆಚ್ಚು ಇಳಿದ ಹಸು ಬೆದೆಗೂ ತಡ, ಗಬ್ಬಕ್ಕೂ ತಡ.

ಹಸುವಿನ ಮೈ ಜಿಪುಣ ಯಜಮಾನನಿದ್ದಂತೆ. ಸಿಕ್ಕಿದ ಶಕ್ತಿಯಲ್ಲಿ ಮೊದಲ ಪಾಲು ಜೀವ ಹಿಡಿದಿಡುವುದಕ್ಕೆ. ಆಮೇಲೆ ಬೆಳವಣಿಗೆಗೆ (ನಿಮ್ಮದು ಚೊಚ್ಚಲ ಹಸು, ಅದಿನ್ನೂ ತಾನೇ ಬೆಳೆಯುತ್ತಿದೆ), ಹಾಲಿಗೆ. ಬೆದೆ ಸಾಲಿನ ಕೊನೆಯಲ್ಲಿ ನಿಂತಿರುತ್ತದೆ. ಅಂಡಾಶಯದಲ್ಲಿ ಕೋಶ ಬಲಿತು ಮೊಟ್ಟೆ ಬಿಡಬೇಕಾದರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಎಂಬ ಹಾರ್ಮೋನು ಗಂಟೆಗೊಮ್ಮೆಯಾದರೂ ಮಿಡಿಯಬೇಕು. ರಕ್ತದಲ್ಲಿ ಇನ್ಸುಲಿನ್ ಕಡಿಮೆಯಿದ್ದರೆ, ಮೈಯ ಕೊಬ್ಬು ಹೊರಡಿಸುವ ಲೆಪ್ಟಿನ್ ಕಡಿಮೆಯಿದ್ದರೆ, ‘ಮನೆಯಲ್ಲಿ ಕಾಳಿಲ್ಲ’ ಎಂಬ ಸುದ್ದಿ ಮೆದುಳಿಗೆ ಮುಟ್ಟುತ್ತದೆ. ಮಿಡಿತ ನಿಧಾನವಾಗುತ್ತದೆ. ಕೋಶಗಳು ಬೆಳೆಯುತ್ತವೆ, ಬಲಿಯದೆ ಸಾಯುತ್ತವೆ, ಮತ್ತೆ ಬೆಳೆಯುತ್ತವೆ. ಹೊರಗಿನಿಂದ ನೋಡುವವರಿಗೆ ಹಸು ತಣ್ಣಗಿದೆ, ಅಷ್ಟೆ.

ಈಗ ಎಣ್ಣೆಗೆ ಬರುತ್ತೇನೆ. ಕೊಬ್ಬಿನಲ್ಲಿ ಪಿಷ್ಟದ ಎರಡೂಕಾಲು ಪಟ್ಟು ಶಕ್ತಿ ಇದೆ ಎಂಬುದು ನಿಜ. ಆದರೆ ಹಸುವಿನ ದೊಡ್ಡ ಹೊಟ್ಟೆಯಲ್ಲಿ ಬೈಹುಲ್ಲನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೆ ಎಣ್ಣೆ ಎಂದರೆ ಆಗದು. ಎಣ್ಣೆ ಹುಲ್ಲಿನ ಎಳೆಗೆ ಲೇಪವಾಗಿ ಅಂಟುತ್ತದೆ. ಶೇಂಗಾ, ಸೂರ್ಯಕಾಂತಿಯಂಥ ಎಣ್ಣೆಗಳಲ್ಲಿರುವ ಅಪರ್ಯಾಪ್ತ ಕೊಬ್ಬಿನಾಮ್ಲಗಳು ಆ ಜೀವಿಗಳಿಗೆ ನೇರವಾಗಿ ವಿಷ. ಆದ್ದರಿಂದಲೇ ಒಟ್ಟು ಒಣ ಮೇವಿನಲ್ಲಿ ಕೊಬ್ಬು ನೂರಕ್ಕೆ ಆರು, ಹೆಚ್ಚೆಂದರೆ ಏಳು ದಾಟಬಾರದು ಎಂಬ ಕಟ್ಟುಪಾಡು. ನಿಮ್ಮ ಹಸುವಿಗೆ ಆರು ಪಾಲು ಎಂದರೆ 570–580 ಗ್ರಾಂ. ಈಗಾಗಲೇ 325 ಇದೆ. ಅರ್ಧ ಲೀಟರ್ ಎಣ್ಣೆ ಎಂದರೆ ಮೇಲೆ 460 ಗ್ರಾಂ ಸೇರಿ ಸುಮಾರು ಎಂಟು ಪಾಲಾಗುತ್ತದೆ. ಎರಡು ಮೂರು ದಿನದಲ್ಲಿ ಹಸು ಹುಲ್ಲು ಬಿಡಲು ತೊಡಗುತ್ತದೆ, ಸಗಣಿ ಜಿಡ್ಡಾಗುತ್ತದೆ, ಮೆಲುಕು ಕಡಿಮೆಯಾಗುತ್ತದೆ. ಶಕ್ತಿ ಹೆಚ್ಚಿಸಲು ಹೋಗಿ ಇದ್ದ ಶಕ್ತಿಯನ್ನೂ ಕಳೆದಂತಾಯಿತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಈ ತಪ್ಪು ಮಾಡಿದ್ದೆ. ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ ಸೊರಗಿದ ಹಸುವಿಗೆ ಹಿಂಡಿಯ ಜೊತೆ ದಿನಕ್ಕೆ ಕಾಲು ಲೀಟರ್ ಸೂರ್ಯಕಾಂತಿ ಎಣ್ಣೆ ಕಲಸಿ ಹಾಕಿ ಎಂದಿದ್ದೆ. ಅವರು ಮೇಲೆ ಮತ್ತೆ ಸ್ವಲ್ಪ ಸೇರಿಸಿ ಹಾಕಿದರು, ನಮ್ಮಲ್ಲಿ ಕೈ ದೊಡ್ಡದು. ವಾರ ಕಳೆದು ಹೋದಾಗ ಮನೆಯ ಯಜಮಾನಿ ಡೇರಿಯ ಚೀಟಿ ತಂದು ನನ್ನ ಕೈಯಲ್ಲಿಟ್ಟರು. ಫ್ಯಾಟ್ ನಾಲ್ಕರಿಂದ ಮೂರಕ್ಕೆ ಇಳಿದಿತ್ತು. ‘ಎಣ್ಣೆ ಹಾಕಿದರೆ ಹಾಲಿನಲ್ಲಿ ಜಿಡ್ಡು ಏರಬೇಕಲ್ಲವೇ ಡಾಕ್ಟರೇ?’ ಎಂದು ಕೇಳಿದರು. ಏರುವುದಿಲ್ಲ. ಅಪರ್ಯಾಪ್ತ ಎಣ್ಣೆ ಹೆಚ್ಚಾದಾಗ ದೊಡ್ಡ ಹೊಟ್ಟೆಯ ಜೀವಿಗಳು ಅದನ್ನು ಅರೆಬರೆ ಮಾರ್ಪಡಿಸಿ ಕೆಲವು ವಿಚಿತ್ರ ಕೊಬ್ಬಿನಾಮ್ಲಗಳನ್ನು ಹೊರಬಿಡುತ್ತವೆ. ಅವು ಕೆಚ್ಚಲಿಗೆ ಹೋಗಿ ಕೊಬ್ಬು ತಯಾರಿಸುವ ಕೆಲಸವನ್ನೇ ತಡೆಯುತ್ತವೆ. ಅಂದು ಇದನ್ನು ಅವರಿಗೆ ಬಿಡಿಸಿ ಹೇಳಲು ನನಗೆ ಬರಲಿಲ್ಲ. ಕಾಫಿ ಕುಡಿದು ಬಂದೆ.

ಬೈಪಾಸ್ ಫ್ಯಾಟ್ ಈ ತೊಂದರೆಯನ್ನು ತಪ್ಪಿಸಲೆಂದೇ ಮಾಡಿದ ವಸ್ತು. ಬಹುಮಟ್ಟಿಗೆ ತಾಳೆಎಣ್ಣೆಯ ಕೊಬ್ಬಿನಾಮ್ಲಗಳನ್ನು ಸುಣ್ಣದ ಅಂಶಕ್ಕೆ ಕಟ್ಟಿ ಮಾಡುವ ಒಂದು ಬಗೆಯ ಸಾಬೂನು ಅದು. ದೊಡ್ಡ ಹೊಟ್ಟೆಯಲ್ಲಿ ಕರಗದೆ ಹಾದುಹೋಗುತ್ತದೆ, ಮುಂದಿನ ಆಮ್ಲದ ಹೊಟ್ಟೆಯಲ್ಲಿ ಬಿಡಿಸಿಕೊಳ್ಳುತ್ತದೆ. ಆದ್ದರಿಂದ ಹುಲ್ಲು ಕರಗುವುದಕ್ಕೆ ಅಡ್ಡಿಯಿಲ್ಲ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಆದರೆ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನೂ ಅವರು ಹೇಳಬೇಕಿತ್ತು. ದಿನಕ್ಕೆ 150 ಗ್ರಾಂ ಕೊಟ್ಟರೆ ಅದರಿಂದ ಬರುವ ಶಕ್ತಿ ಸುಮಾರು 400 ಗ್ರಾಂ ಮೆಕ್ಕೆಜೋಳದ ನುಚ್ಚಿಗೆ ಸಮ, ನಿಮ್ಮ ಹಸು ಒಂದು ಲೀಟರ್ ಹಾಲು ಕೊಡಲು ಬೇಕಾಗುವಷ್ಟು. ಚೊಚ್ಚಲ ಹಸು ಹೆಚ್ಚಾಗಿ ಮಾಡುವುದೂ ಅದನ್ನೇ, ಮೈಗೆ ಹಾಕಿಕೊಳ್ಳುವ ಮೊದಲು ಹಾಲಿಗೆ ಹಾಕುತ್ತದೆ. ಕ್ಯಾನು ಅರ್ಧ ಲೀಟರ್ ತುಂಬುತ್ತದೆ, ಪಕ್ಕೆಲುಬು ಹಾಗೇ ಇರುತ್ತದೆ. ಹದಿನೈದು ಇಪ್ಪತ್ತು ಲೀಟರ್ ಕರೆಯುವ ಹಸು ಎಷ್ಟು ತಿಂದರೂ ಸಾಲದು, ಅದರ ಹೊಟ್ಟೆಯಲ್ಲಿ ಜಾಗವೇ ಇರುವುದಿಲ್ಲ. ಅಲ್ಲಿ ಬೈಪಾಸ್ ಕೊಬ್ಬಿಗೆ ಅರ್ಥವಿದೆ. ಒಂಬತ್ತು ಲೀಟರಿನ ಹಸುವಿಗೆ ಇದೇ ಶಕ್ತಿಯನ್ನು ಮೆಕ್ಕೆಜೋಳದಲ್ಲಿ ಕೊಡಬಹುದು. ಶಿಕಾರಿಪುರದ ಕಡೆಯಿಂದ ಎಷ್ಟು ಬೇಕಾದರೂ ಬರುತ್ತದೆ.

ಮೆಕ್ಕೆಜೋಳಕ್ಕೆ ಇನ್ನೊಂದು ಗುಣವಿದೆ. ದೊಡ್ಡ ಹೊಟ್ಟೆಯ ಜೀವಿಗಳಿಗೆ ಕೊಬ್ಬಿನಿಂದ ಶಕ್ತಿ ಪಡೆಯಲು ಬರುವುದಿಲ್ಲ. ಪಿಷ್ಟವನ್ನು ಅವು ತಿಂದು ಬೆಳೆಯುತ್ತವೆ. ಮುಂದೆ ಆ ಜೀವಿಗಳೇ ಹಸುವಿಗೆ ಒಳ್ಳೆಯ ಪ್ರೋಟೀನು. ಪಿಷ್ಟದಿಂದ ಬರುವ ಪ್ರೊಪಿಯಾನಿಕ್ ಆಮ್ಲ ಸಕ್ಕರೆಯಾಗಿ ಇನ್ಸುಲಿನನ್ನು ಏರಿಸುತ್ತದೆ. ಮೇಲೆ ಹೇಳಿದ ಸುದ್ದಿಯಿದೆಯಲ್ಲ, ‘ಮನೆಯಲ್ಲಿ ಕಾಳಿದೆ’ ಎಂದು ಮೆದುಳಿಗೆ ತಿರುಗಿಸಿ ಹೇಳುವುದು ಇದೇ.

ನಿಮ್ಮ ಮಗ ಓದಿದ್ದು ಸುಳ್ಳಲ್ಲ. ಆದರೆ ಆ ಕಥೆಯ ಅರ್ಧ ಭಾಗವನ್ನಷ್ಟೇ ಓದಿರಬೇಕು. ಅಲ್ಲಿ ಮಾಂಸಕ್ಕಾಗಿ ಸಾಕುವ ತಳಿಗಳಲ್ಲಿ ಹಸುವನ್ನು ಯಾರೂ ಕರೆಯುವುದಿಲ್ಲ. ಕರು ಆರೇಳು ತಿಂಗಳು ತಾಯಿಯ ಜೊತೆ ಹುಲ್ಲುಗಾವಲಿನಲ್ಲೇ ಇರುತ್ತದೆ. ಹೋರಿಯನ್ನು ವರ್ಷದಲ್ಲಿ ಎರಡು ಮೂರು ತಿಂಗಳು ಮಾತ್ರ ಮಂದೆಗೆ ಬಿಡುತ್ತಾರೆ. ಅಷ್ಟರೊಳಗೆ ಗಬ್ಬ ಕಟ್ಟದ ಹಸು ಒಂದು ವರ್ಷ ದಂಡ. ಗಬ್ಬದ ಅವಧಿ ಒಂಬತ್ತು ತಿಂಗಳು ಹತ್ತು ದಿನ. ವರ್ಷಕ್ಕೊಂದು ಕರು ಬೇಕೆಂದರೆ ಹಾಕಿದ 80–85 ದಿನಗಳೊಳಗೆ ಮತ್ತೆ ಗಬ್ಬ ನಿಲ್ಲಬೇಕು. ಅದಕ್ಕಾಗಿ ಅವರು ಕುಸುಬೆ, ಸೂರ್ಯಕಾಂತಿ, ಸೋಯಾ, ಹತ್ತಿಬೀಜ ಎಲ್ಲವನ್ನೂ ತಿನ್ನಿಸಿ ನೋಡಿದ್ದಾರೆ.

ಆ ಪ್ರಯೋಗಗಳಿಂದ ತಿಳಿದದ್ದು ಕುತೂಹಲದ್ದು. ಶಕ್ತಿಯ ಲೆಕ್ಕ ಬಿಟ್ಟರೂ ಕೊಬ್ಬಿಗೆ ಬೇರೆ ಕೆಲಸಗಳಿವೆ. ಕೊಬ್ಬು ತಿಂದ ಹಸುವಿನ ರಕ್ತದಲ್ಲಿ ಕೊಲೆಸ್ಟ್ರಾಲ್ ಏರುತ್ತದೆ. ಗಬ್ಬವನ್ನು ಹಿಡಿದಿಡುವ ಪ್ರೊಜೆಸ್ಟರಾನ್ ತಯಾರಾಗುವುದು ಅದರಿಂದಲೇ. ಅಂಡಾಶಯದ ಕೋಶಗಳೂ ದೊಡ್ಡದಾಗಿ ಬೆಳೆಯುತ್ತವೆ. ಇಷ್ಟು ಕೇಳಿದರೆ ಇಂದೇ ಎಣ್ಣೆಕಾಳು ತರೋಣ ಅನ್ನಿಸುತ್ತದೆ. ಆದರೆ ಕುಸುಬೆ, ಸೂರ್ಯಕಾಂತಿಗಳಲ್ಲಿರುವ ಲಿನೋಲಿಯಿಕ್ ಆಮ್ಲ ಮೈಯಲ್ಲಿ ಪ್ರೊಸ್ಟಾಗ್ಲ್ಯಾಂಡಿನ್ ಎಂಬ ಹಾರ್ಮೋನಾಗಿಯೂ ಮಾರ್ಪಡುತ್ತದೆ. ಕರು ಹಾಕಿದ ಮೊದಲ ವಾರಗಳಲ್ಲಿ ಗರ್ಭಕೋಶ ಕುಗ್ಗಿ ಶುದ್ಧವಾಗಲು ಅದು ಬೇಕು. ಗರ್ಭ ಕಟ್ಟಿದ ಮೇಲೆ ಅದೇ ಶತ್ರು. ಹದಿನಾರು ಹದಿನೇಳನೆಯ ದಿನದ ಹೊತ್ತಿಗೆ ಪಿಂಡವು ‘ನಾನಿದ್ದೇನೆ’ ಎಂದು ತಾಯಿಯ ಮೈಗೆ ತಿಳಿಸುವ ಮೊದಲೇ ಪ್ರೊಸ್ಟಾಗ್ಲ್ಯಾಂಡಿನ್ ಹೆಚ್ಚಾದರೆ ಗರ್ಭ ಜಾರಿಹೋಗುತ್ತದೆ, ನಾವು ‘ಕಟ್ಟಲಿಲ್ಲ’ ಎನ್ನುತ್ತೇವೆ. ಕರು ಹಾಕಿದ ಮೇಲೆ ಎಣ್ಣೆಕಾಳು ಕೊಟ್ಟ ಪ್ರಯೋಗಗಳಲ್ಲಿ ಫಲ ಒಮ್ಮೆ ಹಾಗೆ, ಒಮ್ಮೆ ಹೀಗೆ. ಕುಸುಬೆ ಬೀಜ ಕೊಟ್ಟು ಮೊದಲ ಸಲಕ್ಕೆ ಗಬ್ಬ ಕಟ್ಟುವುದು ಕಡಿಮೆಯಾದದ್ದೂ ಉಂಟು. ಒಳ್ಳೆಯ ಫಲ ಹೆಚ್ಚು ಕಂಡದ್ದು ಕರು ಹಾಕುವ ಮೊದಲಿನ ಸುಮಾರು 60 ದಿನ ಕೊಟ್ಟಾಗ. ಅದೂ ಹುಲ್ಲುಗಾವಲು ಬಡವಾಗಿದ್ದ ವರ್ಷಗಳಲ್ಲಿ, ಅದರಲ್ಲೂ ಚೊಚ್ಚಲ ಕಡಸುಗಳಲ್ಲಿ. ಹುಲ್ಲು ಸಮೃದ್ಧವಾಗಿದ್ದ ಕಡೆ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ.

ನಿಮ್ಮ ಜರ್ಸಿ ಕರು ಹಾಕಿದ್ದು ಮಳೆಗಾಲದ ಶುರುವಿನಲ್ಲಿ. ಅಂದರೆ ಕೊನೆಯ ಎರಡು ತಿಂಗಳ ಗಬ್ಬ ಕಳೆದದ್ದು ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ. ಬೆಟ್ಟದಲ್ಲಿ ಹಸಿರಿಲ್ಲ, ಕೊಟ್ಟಿಗೆಯಲ್ಲಿ ಹಳೆಯ ಬೈಹುಲ್ಲು. ಆ ಹೊತ್ತಿನಲ್ಲಿ ಕಡಸಿಗೆ ದಿನಕ್ಕೆ ಎಷ್ಟು ಹಿಂಡಿ ಹಾಕಿದಿರಿ ಎಂದು ನೀವು ಬರೆದಿಲ್ಲ. ನಾನು ಊಹಿಸಬಲ್ಲೆ. ಮೂವತ್ತು ವರ್ಷಗಳಿಂದ ಈ ಕೊಟ್ಟಿಗೆಗಳಲ್ಲಿ ಓಡಾಡಿದ್ದೇನೆ. ಹಾಲು ಕೊಡದ ದನಕ್ಕೆ ಹಿಂಡಿ ಯಾಕೆ ಎಂಬುದು ನಮ್ಮ ಕಡೆಯ ಲೆಕ್ಕಾಚಾರ. ಹಾಲು ಬಂದ ದಿನದಿಂದ ಬೋಗುಣಿ ತುಂಬುತ್ತದೆ, ಹಾಲು ಬತ್ತಿದ ದಿನ ಬೋಗುಣಿಯೂ ಬತ್ತುತ್ತದೆ. ಆ ಎರಡು ತಿಂಗಳಲ್ಲಿ ಹೊಟ್ಟೆಯ ಕರು ಅತಿ ವೇಗವಾಗಿ ಬೆಳೆಯುತ್ತದೆ. ಮುಂದೆ ಬೆದೆಗೆ ಬರಬೇಕಾದ ಮೊಟ್ಟೆಯ ಕೋಶವೂ ಆಗಲೇ ಬೆಳೆಯಲು ತೊಡಗಿರುತ್ತದೆ. ಒಂದು ಕೋಶ ಚಿಕ್ಕ ಚುಕ್ಕೆಯಿಂದ ಬಲಿತು ಮೊಟ್ಟೆ ಬಿಡುವುದಕ್ಕೆ ಎರಡೂವರೆ ಮೂರು ತಿಂಗಳು ಬೇಕು. ಇಂದು ನಿಮ್ಮ ಹಸುವಿನ ಅಂಡಾಶಯದಲ್ಲಿ ಬಲಿಯದೆ ಕೂತಿರುವ ಕೋಶ ಮಳೆಗಾಲದ ಹಸಿವಿನಲ್ಲಿ ಹುಟ್ಟಿದ್ದು. ಮಳೆಗಾಲದಲ್ಲಿ ಹಸಿವೆಲ್ಲಿ, ಎಲ್ಲೆಲ್ಲೂ ಹುಲ್ಲಲ್ಲವೇ ಎನ್ನಬೇಡಿ. ಆಗುಂಬೆ ಸುತ್ತಿನ ಮಳೆಯಲ್ಲಿ ಬೆಳೆದ ಎಳೆ ಹುಲ್ಲಿನಲ್ಲಿ ನೂರಕ್ಕೆ 85 ಪಾಲು ನೀರೇ. ಹೊಟ್ಟೆ ಉಬ್ಬುತ್ತದೆ, ಮೈ ಸೊರಗುತ್ತದೆ.

ಈಗ ಮಾಡಬೇಕಾದದ್ದು ಏನು ಎಂಬುದಕ್ಕೆ ಬರೋಣ. ಜರ್ಸಿಗೆ ಪಶು ಆಹಾರ ಮೂರೇ ಇರಲಿ, ಮೇಲೆ ಅರ್ಧದಿಂದ ಮುಕ್ಕಾಲು ಕೆ.ಜಿ. ಮೆಕ್ಕೆಜೋಳದ ನುಚ್ಚು, ಅರ್ಧ ಕೆ.ಜಿ. ಶೇಂಗಾ ಹಿಂಡಿ ಅಥವಾ ಹತ್ತಿಕಾಳು ಹಿಂಡಿ ಸೇರಿಸಿ. ಒಂದೇ ದಿನ ಅಲ್ಲ, ವಾರ ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸಿ, ದಿನಕ್ಕೆ ಮೂರು ಹೊತ್ತು ಹಂಚಿ ಹಾಕಿ. ಹಿಂಡಿ ಬಿಟ್ಟು ಇಡೀ ಹತ್ತಿಬೀಜ ಸಿಗುವುದಾದರೆ ಅರ್ಧ ಕೆ.ಜಿ. ಕೊಡಬಹುದು. ಅದರಲ್ಲಿ ನೂರಕ್ಕೆ ಹದಿನೆಂಟು ಇಪ್ಪತ್ತು ಪಾಲು ಎಣ್ಣೆಯಿದ್ದರೂ ಸಿಪ್ಪೆಯೊಳಗೆ ಇರುವುದರಿಂದ ಮೆಲುಕು ಹಾಕಿದಂತೆಲ್ಲ ನಿಧಾನವಾಗಿ ಬಿಡುಗಡೆಯಾಗುತ್ತದೆ. ಕರುವಿಗೆ ಮಾತ್ರ ಅದನ್ನು ತೋರಿಸಬೇಡಿ, ಅದರಲ್ಲಿರುವ ಗಾಸಿಪಾಲ್ ಎಳೆಯ ಕರುಗಳಿಗೆ ವಿಷ.

ನಿಮ್ಮ ತೌಡಿನ ಬಗ್ಗೆ ಒಂದು ಮಾತು. ಕೊಬ್ಬು ಬೇಕು ಎಂದು ಅಂಗಡಿ ಅಲೆಯುವ ನಮಗೆ ಗಿರಣಿಯ ತೌಡಿನಲ್ಲೇ ನೂರಕ್ಕೆ 12–15 ಪಾಲು ಎಣ್ಣೆ ಇದೆ ಎಂಬುದು ಮರೆತುಹೋಗಿದೆ. ಆದರೆ ಅಕ್ಕಿಯಿಂದ ಬೇರೆಯಾದ ಕ್ಷಣದಿಂದ ಆ ಎಣ್ಣೆ ಕೆಡಲು ಶುರು. ನಮ್ಮ ಮಳೆಗಾಲದ ತೇವದಲ್ಲಿ ಇನ್ನೂ ಬೇಗ. ಮುಷ್ಟಿಯಲ್ಲಿ ಹಿಡಿದು ಮೂಸಿ ನೋಡಿ: ಹೊಸ ತೌಡಿಗೆ ಸಿಹಿಯಾದ ಅಕ್ಕಿಯ ವಾಸನೆ, ಹಳೆಯದಕ್ಕೆ ಕಮಟು. ಕಮಟಾದದ್ದನ್ನು ಹಸು ಮೂತಿಯಿಂದ ಸರಿಸುತ್ತದೆ, ನಾವು ಬೆಲ್ಲದ ನೀರು ಚಿಮುಕಿಸಿ ತಿನ್ನಿಸುತ್ತೇವೆ. ಹಾಗೆ ಮಾಡಬೇಡಿ. ಹದಿನೈದು ದಿನಕ್ಕಾಗುವಷ್ಟು ಮಾತ್ರ ತನ್ನಿ. ಬೂಸ್ಟು ಹಿಡಿದ ಬೈಹುಲ್ಲಿಗೂ ಇದೇ ಮಾತು, ಅದನ್ನು ಗೊಬ್ಬರ ಗುಂಡಿಗೆ ಹಾಕಿ. ತೌಡಿನಲ್ಲಿ ರಂಜಕ ವಿಪರೀತ, ಸುಣ್ಣದ ಅಂಶ ಅತ್ಯಲ್ಪ. ಬೈಹುಲ್ಲಿನ ಸುಣ್ಣದ ಅಂಶವೋ ಹಸುವಿಗೆ ದಕ್ಕುವುದು ಕಡಿಮೆ. ಜೊತೆಗೆ ಮಳೆ ತೊಳೆದ ನಮ್ಮ ಹುಳಿ ಮಣ್ಣು. ಹೀಗಾಗಿ ಜರ್ಸಿಗೆ ದಿನಕ್ಕೆ 50 ಗ್ರಾಂ, ಗಿಡ್ಡಕ್ಕೆ 25 ಗ್ರಾಂ ಖನಿಜ ಮಿಶ್ರಣ ತಪ್ಪದೆ ಕೊಡಬೇಕು. ಆಯಾ ಸೀಮೆಯ ಮಣ್ಣು, ಮೇವುಗಳ ಕೊರತೆ ನೋಡಿ ಖನಿಜ ಮಿಶ್ರಣ ಹೊಂದಿಸುವ ಕೆಲಸವನ್ನು ಬೆಂಗಳೂರಿನ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯವರು ಮಾಡಿದ್ದಾರೆ. ಅಂಥದ್ದು ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಯಾವುದಾದರೂ ನಂಬಿಕೆಯ ಮಿಶ್ರಣ. ‘ಬೇಕಾದಾಗ ಒಂದು ಚಿಟಿಕೆ’ ಕೊಟ್ಟರೆ ಕೊಡದಿದ್ದಂತೆಯೇ.

ಇಷ್ಟೆಲ್ಲ ಹಾಕುವ ಮೊದಲು ಎರಡೂ ಹಸುಗಳ ಸಗಣಿಯನ್ನು ಹತ್ತಿರದ ಪಶು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ. ಗದ್ದೆ ಬದುವಿನ, ಹಳ್ಳದ ಅಂಚಿನ ಹುಲ್ಲು ತಿನ್ನುವ ಮಲೆನಾಡಿನ ದನಗಳಲ್ಲಿ ಬಸವನಹುಳುವಿನಿಂದ ಬರುವ ಯಕೃತ್ತಿನ ಜಂತು ಬಹಳ. ಅವು ಒಳಗೆ ಕೂತು ರಕ್ತ ಹೀರುತ್ತಿದ್ದರೆ ನೀವು ಹಾಕುವ ಹಿಂಡಿ ಜಂತುವಿಗೆ ನೈವೇದ್ಯ. ಯಾವ ಔಷಧ, ಎಷ್ಟು ಎಂಬುದನ್ನು ಅಲ್ಲಿನ ವೈದ್ಯರೇ ಹೇಳಲಿ, ಎಲ್ಲ ಜಂತುನಾಶಕಗಳೂ ಆ ಜಂತುವನ್ನು ಕೊಲ್ಲುವುದಿಲ್ಲ.

ಹಾಗೆಯೇ ಒಳಪರೀಕ್ಷೆಯೂ ಆಗಲಿ. ‘ಬೆದೆಗೆ ಬಂದಿಲ್ಲ’ ಎಂದು ಕರೆಸಿದ ಎಷ್ಟೋ ಹಸುಗಳ ಅಂಡಾಶಯವನ್ನು ಕೈಯಿಂದ ಮುಟ್ಟಿ ನೋಡಿದಾಗ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ. ಹಸು ಬಂದಿದೆ, ನಾವು ನೋಡಿಲ್ಲ. ಕಟ್ಟಿ ಸಾಕುವ ಹಸು ರಾತ್ರಿ ಎರಡು ಗಂಟೆಗೆ ಬೆದೆ ತೋರಿಸಿದರೆ ಯಾರಿಗೆ ಗೊತ್ತು? ಈಗ ಅಡಿಕೆ ಕೊಯ್ಲು ಬೇರೆ ಶುರುವಾಗುತ್ತದೆ. ಮನೆಮಂದಿಯೆಲ್ಲ ಸುಲಿಯುವುದರಲ್ಲಿ, ಬೇಯಿಸುವುದರಲ್ಲಿ ಇರುತ್ತಾರೆ. ಬೆಳಗ್ಗೆ ಎದ್ದ ಕೂಡಲೇ ಒಮ್ಮೆ, ಮಲಗುವ ಮೊದಲು ಒಮ್ಮೆ ಹಸು ಮಲಗಿದ್ದ ಜಾಗವನ್ನು ಟಾರ್ಚ್ ಹಾಕಿ ನೋಡಿ. ಗಾಜಿನಂಥ ಲೋಳೆ ಬಿದ್ದಿದ್ದರೆ ಅಂದೇ ಬೆದೆ: ಬೆಳಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಕೃತಕ ಗರ್ಭಧಾರಣೆ. ಬಾಲಕ್ಕೆ ರಕ್ತ ಹತ್ತಿದ್ದು ಕಂಡರೆ ಬೆದೆ ಎರಡು ದಿನ ಹಿಂದೆಯೇ ಬಂದು ಹೋಗಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹದಿನೆಂಟು ಹತ್ತೊಂಬತ್ತನೆಯ ದಿನ ಕಾವಲು ಕಾಯಿರಿ. ಅಂಡಾಶಯ ನಿಜವಾಗಿಯೂ ಸುಮ್ಮನಿದೆ ಎಂದು ವೈದ್ಯರು ಹೇಳಿದರೆ ಕೂಡಲೇ ಹಾರ್ಮೋನು ಚುಚ್ಚಿಸಬೇಡಿ. ಮೈಕಟ್ಟಿನ ಅಂಕ ಎರಡೇ ಇರುವ ಹಸುವಿಗೆ ಚುಚ್ಚಿದ ಹಾರ್ಮೋನು ಹೆಚ್ಚಿನ ಸಲ ದುಡ್ಡಿನ ದಂಡ. ಆರೆಂಟು ವಾರ ಮೇವು ತಿದ್ದಿ, ಪಕ್ಕೆಲುಬಿನ ಮೇಲೆ ಸ್ವಲ್ಪ ತುಂಬಿಕೊಂಡ ಮೇಲೆ ನೋಡೋಣ. ಬೈಪಾಸ್ ಫ್ಯಾಟ್ ಕೊಡಲೇಬೇಕೆಂದಿದ್ದರೆ ಆಗಲೂ ಸರಿ, ದಿನಕ್ಕೆ 100–150 ಗ್ರಾಂ, ಎರಡು ತಿಂಗಳು. ಕೆಡುಕಿಲ್ಲ, ಆದರೆ ಅದರಿಂದಲೇ ಬೆದೆ ಬರುತ್ತದೆ ಎಂದು ನಾನು ಹೇಳಲಾರೆ.

ಗಿಡ್ಡದ ಕಥೆ ಬೇರೆ. ಫೋಟೋದಲ್ಲಿ ಅದು ಮೈತುಂಬಿಕೊಂಡೇ ಇದೆ. ನೂರು ಕೆ.ಜಿ. ಚಿಲ್ಲರೆ ತೂಗುವ ಈ ಪುಟ್ಟ ಹಸು ನಿಮ್ಮ ಬೆಟ್ಟದ ಸೊಪ್ಪು, ಅಕ್ಕಚ್ಚಿನಲ್ಲೇ ಬದುಕಬಲ್ಲದು. ಅದಕ್ಕೆ ಎಣ್ಣೆಯೂ ಬೇಡ, ಹೆಚ್ಚಿನ ಹಿಂಡಿಯೂ ಬೇಡ. ಅಲ್ಲಿನ ಅಡ್ಡಿ ಕರು. ಇಡೀ ದಿನ ಬಿಟ್ಟುಕೊಂಡು ಐದು ತಿಂಗಳ ಕರು ಗಳಿಗೆಗೊಮ್ಮೆ ಮೊಲೆಗೆ ಬಾಯಿ ಹಾಕುತ್ತಿದ್ದರೆ, ತನ್ನದೇ ಕರುವಿನ ವಾಸನೆ, ನೋಟ, ಗುದ್ದು ಇವೆಲ್ಲ ಸೇರಿ ನಾನು ಮೇಲೆ ಹೇಳಿದ ಎಲ್‌ಎಚ್ ಮಿಡಿತವನ್ನು ತಡೆದಿಡುತ್ತವೆ. ಅಮೆರಿಕದ ಆ ಮಾಂಸದ ತಳಿಗಳ ಹಸುಗಳಿಗೂ ಇದೇ ಕಾಟ. ಅಲ್ಲಿ 48 ಗಂಟೆ ಕರುವನ್ನು ಬೇರ್ಪಡಿಸಿ ಬೆದೆಗೆ ತರುವ ರೂಢಿಯಿದೆ. ನಿಮ್ಮ ಮಗ ಓದಿದ ಬರಹದಲ್ಲಿ ನಮ್ಮ ಕೊಟ್ಟಿಗೆಗೆ ನೇರವಾಗಿ ಹೊಂದುವುದು ಎಣ್ಣೆಕಾಳಿಗಿಂತ ಇದೇ. ನೀವು ಅಷ್ಟು ಕಠಿಣವಾಗಬೇಕಿಲ್ಲ. ಕರುವನ್ನು ತಾಯಿಗೆ ಕಾಣದ ಕಡೆ, ಸಾಧ್ಯವಾದರೆ ವಾಸನೆಯೂ ಬಡಿಯದ ಕಡೆ ಕಟ್ಟಿ. ಬೆಳಗ್ಗೆ, ಸಂಜೆ ಕರೆಯುವ ಹೊತ್ತಿಗೆ ಮಾತ್ರ ಬಿಡಿ. ಐದು ತಿಂಗಳ ಕರುವಿಗೆ ಹುಲ್ಲು ಕರಗಿಸುವ ಹೊಟ್ಟೆ ಬಂದಿದೆ, ಎಳೆ ಹುಲ್ಲು ಮತ್ತು ಒಂದು ಹಿಡಿ ಹಿಂಡಿ ಕೊಟ್ಟರೆ ಸಾಕು. ಎರಡು ದಿನ ಎರಡೂ ಕೂಗುತ್ತವೆ. ಮನೆಯವರು ಕರಗಿ ಬಿಟ್ಟುಬಿಡಬಾರದು, ಅಷ್ಟೆ.

ಮುಂದಿನ ಸಲಕ್ಕೆ, ಜರ್ಸಿ ಗಬ್ಬವಾಗಿ ಏಳು ತಿಂಗಳಾದಾಗ ಹಾಲು ಬತ್ತಿಸಿ. ಆ ಎರಡು ತಿಂಗಳು ದಿನಕ್ಕೆ ಒಂದೂವರೆಯಿಂದ ಎರಡು ಕೆ.ಜಿ. ಪಶು ಆಹಾರ ಹಾಕಿ. ಹತ್ತಿಬೀಜ ಅರ್ಧ ಕೆ.ಜಿ. ಕೊಡುವುದಿದ್ದರೆ ಅದರ ಕಾಲ ಇದು. ಮೈಕಟ್ಟು ಮೂರು, ಮೂರೂಕಾಲಕ್ಕೆ ಬಂದರೆ ನಿಲ್ಲಿಸಿ. ನಾಲ್ಕಕ್ಕೆ ಹೋದರೆ ಹೆರಿಗೆ ಕಷ್ಟ, ಹೆತ್ತ ಮೇಲೆ ಮೈಯ ಕೊಬ್ಬು ವಿಪರೀತ ಕರಗಿ ಬರುವ ಕೀಟೋಸಿಸ್ ಕಾಯಿಲೆ, ಮೇವು ಬಿಡುವುದು. ‘ಕೊಬ್ಬಿದೆ’ ಎಂಬ ಬೈಗುಳ ಆಗ ಹಸುವಿಗೂ ನಿಜವಾಗುತ್ತದೆ.

ಅತ್ತೆಯವರ ಕೊಬ್ಬರಿ ಬೆಲ್ಲದ ವಿಚಾರ. ಹೆತ್ತ ಹಸುವಿಗೆ ಮೂರು ನಾಲ್ಕು ದಿನ ಒಂದು ಉಂಡೆ ಬೆಲ್ಲ, ಬೇಯಿಸಿದ ಹುರುಳಿ, ಒಂದು ಹಿಡಿ ಮೆಂತ್ಯ ಕೊಡುವುದರಲ್ಲಿ ಯಾವ ತಪ್ಪೂ ಇಲ್ಲ. ಕೊಬ್ಬರಿ ಒಂದು ಗಿಟುಕಿನಷ್ಟಾದರೆ ಇರಲಿ, ಕಾಲು ಕೆ.ಜಿ. ತುರಿದು ಹಾಕುವುದು ಬೇಡ. ಕೊಬ್ಬರಿ ಎಣ್ಣೆಯೂ ಎಣ್ಣೆಯೇ, ದೊಡ್ಡ ಹೊಟ್ಟೆಯ ಜೀವಿಗಳಿಗೆ ಅದೂ ಒಗ್ಗುವುದಿಲ್ಲ. ಹುರುಳಿಯನ್ನಾದರೆ ಮೂರು ದಿನಕ್ಕೆ ನಿಲ್ಲಿಸದೆ ತಿಂಗಳಿಡೀ ದಿನಕ್ಕೆ ಅರ್ಧ ಸೇರು ಕೊಡಲಿ ಎಂದು ಹೇಳಿ. ನಾನು ಬರೆದ ಶೇಂಗಾ ಹಿಂಡಿಯಲ್ಲಿ ಆಗ ಸ್ವಲ್ಪ ಕಡಿಮೆ ಮಾಡಬಹುದು. ಸಗಣಿ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಒಮ್ಮೆ ಬರೆಯಿರಿ. ಅಷ್ಟರೊಳಗೆ ಹಸುವಿಗೆ ಏನಾದರೂ ತುರ್ತು ತೊಂದರೆಯಾದರೆ 1962ಕ್ಕೆ ಕರೆ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ.